ಮೂಗು ನೋಡಿ ಟಗರು ಕೊಂಡ ಬೇಸಿಗೆ

ಹೋದ ವಾರ ಜತ್ತದ ಸಂತೆಯಲ್ಲಿ ಒಂದು ಪಿಕಪ್ ಗಾಡಿಯ ಹಿಂದೆ ನಿಂತಿದ್ದೆ. ಗಾಡಿಯಲ್ಲಿ ಒಂದೇ ಟಗರು. ಅದರ ಕಾಲಡಿ ಮೆತ್ತನೆಯ ಹುಲ್ಲು, ತಲೆಯ ಮೇಲೆ ಬ್ಯಾಟರಿ ಫ್ಯಾನು, ಮುಂದೆ ಬುಟ್ಟಿಯಲ್ಲಿ ನೆನೆಸಿದ ಶೇಂಗಾ ಹಿಂಡಿ. ಎಣ್ಣೆ, ಹುಳಿ, ಬೆಚ್ಚಗಿನ ಉಣ್ಣೆ ಮೂರೂ ಕೂಡಿದ ಆ ವಾಸನೆ ಬಂದ ಕೂಡಲೇ ನನ್ನ ಕೈ ತಾನಾಗಿ ಹೆಗಲ ಮೇಲಿನ ವಲ್ಲಿ ಬಟ್ಟೆಗೆ ಹೋಯಿತು. ಕೊಳ್ಳುವುದಕ್ಕಲ್ಲ, ಗಾಳಿ ಬೀಸುವುದಕ್ಕೆ. ಮೂರು ವರ್ಷದ ಹಿಂದೆ ಬಿಳೂರಿನ ಮರಡಿಗುಡ್ಡದ ಮೇಲೆ ಇದೇ ವಾಸನೆಯ ಒಂದು ಟಗರಿನ ಮುಂದೆ ಕೂತು ವಲ್ಲಿ ಬೀಸಿದ್ದೆ. ಆ ಬೇಸಿಗೆ ನನಗೆ ಕಲಿಸಿದ್ದನ್ನು ಮೂವತ್ತು ವರ್ಷದ ಸಂತೆ ಕಲಿಸಿರಲಿಲ್ಲ.

ನಾನು ಕುರಿ ವ್ಯಾಪಾರಿ. ಅಪ್ಪನ ಗಾದಿಯ ಮೇಲೆ ಕೂತು ದಂಧೆ ಕಲಿತವನಲ್ಲ. ಏಳನೆಯ ಇಯತ್ತೆ ಮುಗಿದ ರಜೆಯಲ್ಲಿ ಅವ್ವನ ಒಂದು ಆಡನ್ನು ಹಗ್ಗ ಹಿಡಿದು ಸಂತೆಗೆ ನಡೆಸಿಕೊಂಡು ಹೋದೆ, ಬರುವಾಗ ಎರಡು ಹಿಡಿದುಕೊಂಡು ಬಂದೆ. ಕುರಿ ಕೊಳ್ಳುವವರಿಗೆ ಇಲ್ಲೇ ನಾಲ್ಕು ಮಾತು ಹೇಳಿಬಿಡುತ್ತೇನೆ, ಫುಕಟ್. ಹಲ್ಲನ್ನು ನೀವೇ ಬಾಯಿ ಬಿಡಿಸಿ ನೋಡಿ, ಮಾಲೀಕ ತೋರಿಸುವವರೆಗೆ ಕಾಯಬೇಡಿ. ಬೆನ್ನುಮೂಳೆಯ ಮೇಲೆ ಅಂಗೈ ಇಟ್ಟು ಒತ್ತಿ. ನೀರು ಕುಡಿಸಿದರೆ ಹೊಟ್ಟೆ ತುಂಬಿ ಕಾಣುತ್ತದೆ, ಬೆನ್ನು ತುಂಬುವುದಿಲ್ಲ. ಮನಸ್ಸಿಗೆ ಬಂದದ್ದನ್ನು ಕೊನೆಗೆ ನೋಡಿ, ಬಾರದ್ದನ್ನು ಮೊದಲು ಹೊಗಳಿ. ಇನ್ನೊಂದು ಮಾತನ್ನೂ ಹೇಳುತ್ತಿದ್ದೆ: ಮೂಗು ನೋಡಿ. ಅದನ್ನು ಈಗ ಹೇಳುವುದಿಲ್ಲ.

ನಮ್ಮ ಸೀಮೆಯ ಮಾಡಗ್ಯಾಳ ಕುರಿಯನ್ನು ನೋಡಿದವರಿಗೆ ಗೊತ್ತು, ಅದರ ಮೂಗು ಗಿಳಿಯ ಕೊಕ್ಕಿನಂತೆ ಬಾಗಿರುತ್ತದೆ. ಎತ್ತರದ ನಿಲುವು, ಬಿಳಿ ಮೈಮೇಲೆ ಕಂದು ಮಚ್ಚೆ, ಜೋತ ಕಿವಿ. ಕೊಕ್ಕು ಎಷ್ಟು ಬಾಗಿದರೆ ಗಿರಾಕಿಯೂ ಅಷ್ಟು ಬಾಗುತ್ತಾನೆ. ಆದ್ದರಿಂದ ನಾನು ಊರೂರಿಗೆ ಹೋಗಿ ಹೇಳುತ್ತಿದ್ದೆ: ನೆಟ್ಟನೆ ಮೂಗಿನ ಗಂಡುಮರಿಗಳನ್ನು ನನಗೆ ಮಾರಿಬಿಡಿ, ಕೊಕ್ಕಿನವನ್ನು ಮಾತ್ರ ಹಿಂಡಿನ ಕುರಿಗಳಿಗೆ ಬಿಡಿ, ಅಂಥದ್ದು ಇಲ್ಲದಿದ್ದರೆ ನನ್ನ ಮನೆಯ ಟಗರಿದೆ. ಜನ ಕೇಳಿದರು. ಕೆಲವೇ ವರ್ಷಗಳಲ್ಲಿ ಬಿಳೂರಿನ ಹಿಂಡುಗಳ ಮರಿಗಳೆಲ್ಲ ಒಂದೇ ಅಚ್ಚಿನಲ್ಲಿ ಒತ್ತಿದ ಹಾಗೆ ಕಾಣತೊಡಗಿದವು. ಆ ಮುಖಗಳನ್ನು ನೋಡಿದಾಗ ನನ್ನ ಕೈಕೆಲಸವೆಂದು ಹೆಮ್ಮೆಯಾಗುತ್ತಿತ್ತು.

ನನ್ನ ಮಾತು ಕೇಳದವಳು ಗಂಗವ್ವ ಒಬ್ಬಳೇ. ಎಪ್ಪತ್ತರ ಹತ್ತಿರದವಳು, ಗಂಡ ತೀರಿದ ಮೇಲೂ ಹಿಂಡನ್ನು ತಾನೇ ಮರಡಿಗೆ ಹೊಡೆದುಕೊಂಡು ಹೋಗುವವಳು. ನನ್ನ ಅವ್ವನೂ ಅವಳೂ ಒಂದೇ ಬಾವಿಯ ನೀರು ಸೇದಿದವರು, ನಾನು ಅವಳನ್ನು ಆಯಿ ಎಂದೇ ಕರೆಯುವುದು. ಅವಳ ಹಿಂಡಿನ ಟಗರಿನ ಹೆಸರು ಮೊಂಡ್ಯಾ. ಹೆಸರಿಗೆ ತಕ್ಕ ಮೂಗು. ಹಣೆಯಿಂದ ತುಟಿಯವರೆಗೆ ಗೆರೆ ಎಳೆದಂತೆ ನೆಟ್ಟಗೆ.

"ಆಯಿ, ಇದರ ಮಕಾ ನೋಡು. ಹಲಗಿ ಇದ್ದಂಗ ಐತಿ. ಇದರ ಮರಿ ಯಾಂವ ಒಯ್ತಾನ?"

"ಮರಿ ನಾ ಮಕಾ ನೋಡಾಕ ಸಾಕತೀನೇನ? ಮರಡಿ ಏರಾಕ ಸಾಕತೀನಿ."

"ಮರಡಿ ಏರಿದ್ರ ಪ್ರೈಜ್ ಕೊಡ್ತಾರೇನ?"

"ಏರಿದ್ದು ಇಳದು ಮನಿಗಿ ಬಂದ್ರ ಅದ ಪ್ರೈಜ್, ತಮ್ಮಾ."

ಆದರೆ ಆ ವರ್ಷ ಅವಳ ಮರಿಗಳನ್ನು ನೋಡಲು ಬಂದ ವ್ಯಾಪಾರಿಗಳು ಮುಖ ನೋಡಿ ಹೊರಳಿ ಹೋದರು. ಅವರಲ್ಲಿ ಅರ್ಧ ಜನ ನನ್ನಿಂದಲೇ ಪಾಠ ಕಲಿತವರು. ಮೇ ತಿಂಗಳು ಬಂತು. ಬಕ್ರೀದ್ ಹತ್ತಿರವಾಯಿತು. ಶೇಗಾಂವದ ಇಸ್ಮಾಯಿಲ್ ಮಾಮು ಕುರ್ಬಾನಿಗೆ ಒಂದು ತುಂಬಿದ ಟಗರು ಬೇಕೆಂದು ಹೇಳಿಕಳಿಸಿದ್ದರು. ನಾನು ಗಂಗವ್ವನ ಮುಂದೆ ಕೊನೆಯ ಮಾತು ಇಟ್ಟೆ: ಮೊಂಡ್ಯಾನನ್ನು ನನಗೆ ಕೊಡು, ಬದಲಿಗೆ ನನ್ನ ಮನೆಯ ಕೊಕ್ಕಿನ ಟಗರು ಸರದಾರನನ್ನು ಇಟ್ಟುಕೋ, ಮೇಲಿನ ವ್ಯತ್ಯಾಸವನ್ನು ಬೆರಳಲ್ಲಿ ಮುಗಿಸೋಣ.

ಅವಳು ಕೋಲನ್ನು ಕಂಕುಳಿಗೆ ಸಿಕ್ಕಿಸಿಕೊಂಡಳು. "ನೀವೆಲ್ಲಾ ಕೂಡಿ ನನ್ನ ಟಗರನ್ನ ಸಂತ್ಯಾಗ ಸಣ್ಣದ ಮಾಡಿಟ್ಟೀರಿ. ತಾ ಕೈ."

ಗೊತ್ತಿಲ್ಲದವರಿಗೆ ಹೇಳುತ್ತೇನೆ. ನಮ್ಮಲ್ಲಿ ಕುರಿಯ ದರವನ್ನು ಬಾಯಿಂದ ಆಡುವುದಿಲ್ಲ. ಇಬ್ಬರ ಕೈಗಳ ಮೇಲೆ ವಲ್ಲಿ ಹಾಕಿ, ಅದರ ಕೆಳಗೆ ಬೆರಳು ಹಿಡಿದು ಒತ್ತುತ್ತೇವೆ. ಎಷ್ಟು ಬೆರಳು, ಯಾವ ಗೆಣ್ಣು ಎನ್ನುವುದರಲ್ಲೇ ಎಲ್ಲ ಮುಗಿಯುತ್ತದೆ. ಪಕ್ಕದಲ್ಲಿ ನಿಂತವನಿಗೂ ತಿಳಿಯದು. ಬರೆದ ಕಾಗದವನ್ನು ಹರಿಯಬಹುದು, ಒತ್ತಿದ ಬೆರಳನ್ನು ಹಿಂದಕ್ಕೆ ತೆಗೆಯುವಂತಿಲ್ಲ. ಗಂಗವ್ವನ ಬೆರಳು ಒಣಗಿದ ಜಾಲಿ ಕಟ್ಟಿಗೆಯ ಹಾಗಿತ್ತು. ಮುಗಿಯಿತು. ಮೊಂಡ್ಯಾನ ಬೆನ್ನ ಮೇಲೆ ಕೆಂಪು ಬಣ್ಣದ ಒಂದು ಗೆರೆ ಹಾಕಿದೆ, ಮಾರಿದ ಮಾಲಿನ ಗುರುತು. ಇಸ್ಮಾಯಿಲ್ ಮಾಮುಗೆ ಅಲ್ಲಿಂದಲೇ ಫೋನು ಮಾಡಿ ಟಗರು ಕೊಟ್ಟೆ ಎಂದು ಮಾತು ಕೊಟ್ಟೆ. ಹಬ್ಬಕ್ಕೆ ಇನ್ನೂ ದಿನಗಳಿದ್ದುದರಿಂದ ಮೊಂಡ್ಯಾ ಅವಳ ಹಿಂಡಿನಲ್ಲೇ ಉಳಿಯಿತು.

ಮರುದಿನ ಸರದಾರನನ್ನು ಗಾಡಿಯಲ್ಲಿ ತಂದು ಇಳಿಸಿದೆ. ಅದನ್ನು ನಾನೇ ಬೆಳೆಸಿದ್ದೆ. ತಗಡಿನ ಚಾವಣಿಗೆ ಎರಡು ಫ್ಯಾನು, ಬೆಳಿಗ್ಗೆ ಎಮ್ಮೆ ಹಾಲು, ಸಂಜೆ ಹಿಂಡಿ. ಅದರ ತಂದೆ ತಾಯಿ ಇದೇ ಮರಡಿಯ ಕುರಿಗಳು. ಅದು ಇಳಿದಾಗ ಹಿಂಡಿನ ಕುರಿಗಳೆಲ್ಲ ತಲೆ ಎತ್ತಿ ನೋಡಿದವು.

"ಕುರಿಗೊಳಿಗೂ ಮಕಾ ಗೊತ್ತಾಗತೈತಿ ನೋಡು," ಎಂದೆ.

"ಹಿಂಡಿ ವಾಸನಿ ಬಂದೈತಿ ಅವಕ್ಕ," ಎಂದಳು ಗಂಗವ್ವ.

ಮೊದಲ ದಿನ ಸರದಾರ ಮರಡಿಯ ಅರ್ಧಕ್ಕೆ ನಿಂತಿತು. ಎರಡನೆಯ ದಿನ ಬಾಯಿ ತೆರೆದು ತೇಕಿತು. ಹೊಸ ಜಾಗ, ರೂಢಿಯಾಗುತ್ತದೆ ಎಂದು ಫೋನಿನಲ್ಲೇ ಸಮಾಧಾನ ಹೇಳಿದೆ. ಮೂರನೆಯ ದಿನ ಸ್ವತಃ ಹೋದೆ, ಜೊತೆಗೆ ಡಾಕ್ಟರ್‌ಬಾಯಿಯೂ ಬಂದಿದ್ದರು.

ಈ ಡಾಕ್ಟರ್‌ಬಾಯಿ ವಿಜಯಪುರದ ಕಡೆಯವರು, ಪಶುವೈದ್ಯ ಕಾಲೇಜಿನಲ್ಲಿ ಕಲಿಸುವವರು. ಚಳಿಗಾಲದಲ್ಲಿ ಬಂದು ನಮ್ಮ ಹಿಂಡುಗಳಿಂದ ರಕ್ತ ತೆಗೆದುಕೊಂಡು ಹೋಗಿದ್ದರು. ಕುರಿಗಾರರು ಕೊಡಲು ಒಪ್ಪಿರಲಿಲ್ಲ. ನಾನೇ ನಡುವೆ ನಿಂತು, ಒಂದು ಕುರಿಯ ರಕ್ತಕ್ಕೆ ಇಡೀ ಹಿಂಡಿಗೆ ಹುಳದ ಔಷಧಿ ಎಂದು ಚೌಕಾಶಿ ಮಾಡಿ ಒಪ್ಪಿಸಿದ್ದೆ. ಈಗ ಅವೇ ಕುರಿಗಳ ರಕ್ತ ಬಿರುಬಿಸಿಲಿನಲ್ಲಿ ಮತ್ತೊಮ್ಮೆ ಬೇಕಾಗಿತ್ತು ಅವರಿಗೆ. ಒಂದೇ ಕುರಿಯ ರಕ್ತ ಎರಡು ಸಲ ಯಾಕೆ ಎಂದು ನನಗೆ ಆಗ ಅರ್ಥವಾಗಿರಲಿಲ್ಲ.

ಮಧ್ಯಾಹ್ನದ ಹೊತ್ತು. ಕೆಂಪು ಗರಸಿನ ಮೇಲೆ ಬಿಸಿಲು ಕುದಿಯುತ್ತಿತ್ತು. ಕಾಲಡಿಯ ಕಲ್ಲು ಚಪ್ಪಲಿ ದಾಟಿ ಸುಡುತ್ತಿತ್ತು. ನಾವು ನೋಡುತ್ತಿದ್ದ ಹಾಗೆ ಸರದಾರ ನಾಲಿಗೆ ಹೊರಗೆ ಹಾಕಿತು, ಮುಂಗಾಲು ಮಡಿಸಿತು, ಪಕ್ಕಕ್ಕೆ ಬಿತ್ತು. ನಾನು ಓಡಿ ಹೋಗಿ ವಲ್ಲಿ ಬೀಸಿದೆ. ಗಂಗವ್ವ ತಾನು ಕುಡಿಯಲು ತಂದಿದ್ದ ನೀರನ್ನು ಅದರ ಮೈಮೇಲೆ ಸುರಿದಳು. ಡಾಕ್ಟರ್‌ಬಾಯಿ ಸೂಜಿ ಚುಚ್ಚಿದರು. ಹತ್ತು ಮಾರು ದೂರದಲ್ಲಿ ಜಾಲಿಯ ಅರೆನೆರಳಿನಲ್ಲಿ ಮೊಂಡ್ಯಾ ಕೂತಿತ್ತು, ಬೆನ್ನ ಮೇಲೆ ನನ್ನ ಕೆಂಪು ಗೆರೆ. ಬಾಯಿ ಮುಚ್ಚಿ ನಿಧಾನವಾಗಿ ಮೆಲುಕು ಹಾಕುತ್ತಿತ್ತು.

ಸರದಾರನ ಉಸಿರು ಹದಕ್ಕೆ ಬಂದ ಮೇಲೆ ಕೇಳಿದೆ. "ಮ್ಯಾಡಮ್, ಇದರ ರಕ್ತ ಕೆಟ್ಟೈತೇನ್ರಿ? ಅಪ್ಪ ಅವ್ವ ಇದ ಮರಡಿ ಕುರಿಗೊಳ್ರಿ."

"ರಕ್ತ ಕೆಟ್ಟಿಲ್ರಿ ಮೌಲಾಸಾಬ್ರ. ಬಿಸಲು ಹೆಚ್ಚಾದ್ರ ಮೈಯಾಗಿನ ಪ್ರೋಟೀನು ಹಾಲು ಒಡದಂಗ ಕೆಡಾಕ ಹತ್ತತಾವ. ಅವನ್ನ ಸಾವರಸಾಕ ಬ್ಯಾರೆ ಪ್ರೋಟೀನು ಬೇಕು. ಅದನ್ನ ಮಾಡೂ ಜೀನು ಎಲ್ಲಾ ಕುರಿಗೂ ಐತಿ. ಸರದಾರಗೂ ಐತಿ, ಮೊಂಡ್ಯಾಗೂ ಐತಿ, ನಿಮಗೂ ಐತಿ. ಅದು ಎಷ್ಟ ಲಗೂನ ಏಳತೈತಿ, ಎದ್ದು ಎಷ್ಟ ಕೆಲಸ ಮಾಡತೈತಿ ಅನ್ನೂದು ಬ್ಯಾರೆ ಬ್ಯಾರೆ."

"ಹಂಗಾರ ನನ್ನ ಸರದಾರಂದು ಮಲಗೈತಿ."

"ಫ್ಯಾನಿನ ಕೆಳಗ ಬೆಳದ ಮೈ. ಏಳೂ ಪ್ರಸಂಗನ ಬಂದಿಲ್ಲ ಅದಕ್ಕ. ಇನ್ನೊಂದೂ ಇರಬಹುದು. ಜೀನಿನ ಬಾಜೂಕ ಅದನ್ನ ಏಳಸೂ ಮಲಗಸೂ ಗುಂಡಿಯಂಥಾ ತುಣುಕು ಇರತೈತಿ. ಅದೂ ಹಿರೇರಿಂದನ ಬರೂದು. ಒಂದರಾಗ ಚುರುಕು, ಒಂದರಾಗ ಮಂದ. ಇದರಾಗ ಯಾವುದು ಅಂತ ನೋಡಾಕ ಎರಡ ಸಲ ರಕ್ತ ತಗೀತೀನಿ, ತಂಪಿನ್ಯಾಗ ಒಮ್ಮಿ, ಬಿಸಲಾಗ ಒಮ್ಮಿ."

ನಾನು ವ್ಯಾಪಾರಿ, ನನಗೆ ನನ್ನ ದಂಧೆಯ ಭಾಷೆಯಲ್ಲೇ ಅರ್ಥವಾಗಬೇಕು. ಮರಡಿಯ ಮೇಲೆ ಕೂತು ಹೀಗೆ ಜೋಡಿಸಿಕೊಂಡೆ: ಗೋದಾಮಿನಲ್ಲಿ ಇರುವ ಮಾಲು ಒಂದು, ಅಂಗಡಿಯ ಮುಂದೆ ಹರವಿದ ಮಾಲು ಒಂದು. ಎಲ್ಲ ಕುರಿಯ ಗೋದಾಮಿನಲ್ಲೂ ಸುಮಾರಾಗಿ ಅದೇ ಮಾಲು. ಬೇಸಿಗೆ ಎಂಬ ಗಿರಾಕಿ ಬಾಗಿಲಿಗೆ ಬಂದಾಗ ಬೇಕಾದದ್ದನ್ನು ಲಗುಬಗೆಯಿಂದ ಹೊರಗೆ ತಂದವನ ಅಂಗಡಿ ಉಳಿಯುತ್ತದೆ. ಹಾಗೆಂದು ಅದನ್ನು ವರ್ಷವಿಡೀ ಹೊರಗೆ ಹರವಿಟ್ಟವನೂ ಉಳಿಯುವುದಿಲ್ಲ. ಆ ಪ್ರೋಟೀನು ಮಾಡಲು ಮೈಗೆ ಖರ್ಚಿದೆ, ಮೇವು ಕಡಿಮೆ ಇರುವ ಸೀಮೆಯಲ್ಲಿ ಆ ಖರ್ಚೇ ಕುರಿಯನ್ನು ತಿನ್ನುತ್ತದೆ. ಹೊತ್ತಿಗೆ ತೆಗೆಯಬೇಕು, ಹೊತ್ತು ಮುಗಿದ ಮೇಲೆ ಒಳಗಿಡಬೇಕು. ಅದನ್ನು ಬಲ್ಲ ಕುರಿ ಬೇಸಿಗೆ ದಾಟಿ ಮರಿ ಹಾಕುತ್ತದೆ, ಆ ಚುರುಕುತನ ಮರಿಗೂ ಹೋಗುತ್ತದೆ. ತಿಳಿಯದ ಕುರಿ ದಾಟುವುದಿಲ್ಲ, ಅದರ ಲೆಕ್ಕ ಅಲ್ಲಿಗೆ ಮುಗಿಯಿತು. ಯಾರೂ ಕೂತು ಆರಿಸಲಿಲ್ಲ. ಎಷ್ಟೋ ತಲೆಮಾರು ಬಿಸಿಲೇ ಈ ಮರಡಿಯ ಮೇಲೆ ಕುರಿಗಳನ್ನು ಆರಿಸುತ್ತ ಬಂದಿತ್ತು. ಆ ಕೆಲಸವನ್ನು ನಡುವೆ ಕಸಿದುಕೊಂಡವನು ನಾನು. ಬಿಸಿಲು ಉಸಿರು ನೋಡುತ್ತಿತ್ತು, ನಾನು ಮೂಗು ನೋಡಿದೆ.

ಡಾಕ್ಟರ್‌ಬಾಯಿ ಸೂಜಿ ಒರೆಸಿ ಡಬ್ಬಿಯಲ್ಲಿಡುತ್ತ ಇನ್ನೊಂದು ಮಾತು ಹೇಳಿದರು. "ಟಗರು ಉಳೀತೈತ್ರಿ. ಆದ್ರ ಇಷ್ಟ ಕಾವು ಏರಿದ ಮ್ಯಾಲ ಇದರ ಬೀಜ ಎರಡ ತಿಂಗಳ ಕೆಲಸಕ್ಕ ಬರೂದು ಕಷ್ಟ. ಈ ಮಳಿಗಿ ಇದನ್ನ ನಂಬಿದ್ರ ಕುರಿಗೊಳು ಬರಡ ಉಳೀತಾವ."

ಗಂಗವ್ವ ತನ್ನ ಕುರಿಗಳ ಕಡೆ ತಿರುಗಿದಳು. ಮಳೆ ಬಿದ್ದು ಹಸಿರು ಚಿಗುರಿದ ನಾಲ್ಕು ವಾರದಲ್ಲಿ ಅವಳ ಕುರಿಗಳು ಗಬ್ಬ ನಿಲ್ಲಬೇಕು. ಆ ವಾರಗಳು ಹೋದರೆ ವರ್ಷವೇ ಹೋದಂತೆ. ಮರಿಯೂ ಇಲ್ಲ, ಹಾಲೂ ಇಲ್ಲ.

"ಊರಾಗಿಂದ ಬ್ಯಾರೆ ಟಗರು ತರಿಸಿ ಕೊಡ್ತೀನಿ ಆಯಿ," ಎಂದೆ.

"ಯಾವುದು ತರಸ್ತೀರಿ?" ಡಾಕ್ಟರ್‌ಬಾಯಿ ಕೇಳಿದರು. "ಊರಾಗ ನಾ ನೋಡಿದ ಗಂಡುಮರಿ ಎಲ್ಲಾ ಒಂದೆರಡ ಟಗರಿನ ಮಕ್ಕಳು. ಇವರ ಕುರಿಗೂ ಬಳಗ ಆಗ್ಯಾವ. ನೆಟ್ಟನ್ನ ಮೂಗಿನ ಬೆಳದ ಟಗರು ಅಂದ್ರ ಮೊಂಡ್ಯಾ ಒಂದ ಉಳದೈತಿ. ಬಾಕಿದ್ದೆಲ್ಲಾ ಮಾರ್ರಿ ಅಂತ ಊರವರಿಗೆ ಯಾರ ಹೇಳಿದ್ರು?"

ಗಂಗವ್ವ ಗದ್ದ ಎತ್ತಿ ನನ್ನನ್ನು ತೋರಿಸಿದಳು. ಅಷ್ಟೇ.

ಮೊಂಡ್ಯಾ ಈಗ ನನ್ನದು, ಆದರೆ ನನ್ನದೂ ಅಲ್ಲ. ಇಸ್ಮಾಯಿಲ್ ಮಾಮುಗೆ ಕೊಟ್ಟ ಮಾತು ಅದರ ಬೆನ್ನ ಮೇಲೆ ಕೆಂಪಗೆ ಕೂತಿತ್ತು. ಅವತ್ತೇ ಸಂಜೆಯ ಮುಂಚೆ ಶೇಗಾಂವಕ್ಕೆ ಹೋದೆ. ಮಾಮು ಅಂಗಳದಲ್ಲಿ ಬೇವಿನ ಕೆಳಗೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಗಡ್ಡ ಬೆಳ್ಳಗಿದ್ದರೂ ಚೌಕಾಶಿಯಲ್ಲಿ ನನಗೆ ಗುರುವಿನಂಥವರು.

"ಬಾ ಮಿಯಾ, ಕುಂದರ. ಟಗರು ಎಲ್ಲೈತಿ?"

"ಮಾಮು, ಅದ ಟಗರು ಬಿಟ್ಟಕೊಡ್ರಿ ಅಂತ ಕೇಳಾಕ ಬಂದೀನಿ."

ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನನ್ನನ್ನು ನೋಡಿದರು. "ನೀ ಕೊಳ್ಳೂದು ನೋಡೀನಿ, ಮಾರೂದು ನೋಡೀನಿ. ಬೇಡೂದು ಇವತ್ತ ನೋಡಾಕತ್ತೀನಿ. ಏನ ಭಾನಗಡಿ?"

ಎಲ್ಲ ಹೇಳಿದೆ. ಸರದಾರ ಬಿದ್ದದ್ದು, ಕುರಿಗಳು ಬರಡು ಉಳಿಯುವುದು, ಗಂಗವ್ವ ಗದ್ದ ಎತ್ತಿ ತೋರಿಸಿದ್ದು. ಏನನ್ನೂ ಮುಚ್ಚಲಿಲ್ಲ. ವ್ಯಾಪಾರದಲ್ಲಿ ನಿಜ ಹೇಳುವುದು ಕೊನೆಯ ಉಪಾಯ ಎಂದು ಹೊಸಬರಿಗೆ ಹೇಳಿಕೊಡುತ್ತಿದ್ದೆ. ಅವತ್ತು ಅದೊಂದೇ ಉಪಾಯ ಉಳಿದಿತ್ತು.

ಮಾಮು ಗಡ್ಡ ಸವರಿಕೊಂಡರು. "ಕುರ್ಬಾನಿಗಿ ಒಂದು ಚಲೋ ಟಗರು ಅಂತ ಅಂದೀನಿ. ಮೊಂಡ್ಯಾ ಅಂತ ಅಂದಿಲ್ಲ, ಅದನ್ನ ಕಣ್ಣಿಲೆ ನೋಡೂ ಇಲ್ಲ. ಆದ್ರ ಅಲ್ಲಾನ ಮುಂದ ಒಯ್ಯೂದು. ಕಡಿಮಿದು ಕೊಟ್ರ ನಡ್ಯಂಗಿಲ್ಲ. ನಿನ್ನ ಮನ್ಯಾಗ ಸರದಾರನ ತಮ್ಮ ಐತಲ್ಲ?"

ಇತ್ತು. ಬರುವ ಪ್ರದರ್ಶನಕ್ಕೆಂದು ತಯಾರು ಮಾಡುತ್ತಿದ್ದ ಟಗರು. ಅದರ ಕೊಕ್ಕು ಸರದಾರನದಕ್ಕಿಂತ ಚೆಂದ. ಸಾಂಗಲಿ ಕಡೆಯಿಂದ ಜನ ಬಂದು ನೋಡಿ ಹೋಗಿದ್ದರು.

"ವಲ್ಲಿ ತಗೀಲೇನ?" ಎಂದರು ಮಾಮು, ಕಣ್ಣಲ್ಲೇ ನಗುತ್ತ.

"ಬ್ಯಾಡ್ರಿ ಮಾಮು. ಒಯ್ಯಿರಿ."

ನನ್ನ ಜೀವಮಾನದಲ್ಲಿ ಬೆರಳು ಹಿಡಿಯದೆ ಮಾಡಿದ ವ್ಯಾಪಾರ ಅದೊಂದೇ. ಮರುದಿನ ಅವರ ಮನೆಗೆ ಟಗರು ಇಳಿಸಿ ಬಂದಾಗ ಕೊಟ್ಟಿಗೆಯಲ್ಲಿ ಎರಡು ಫ್ಯಾನು ಸುಮ್ಮನೆ ತಿರುಗುತ್ತಿದ್ದವು.

ಮೊಂಡ್ಯಾನ ಬೆನ್ನಿನ ಬಣ್ಣವನ್ನು ನಾನೇ ಸೀಮೆಎಣ್ಣೆ ಹಚ್ಚಿ ತಿಕ್ಕಿ ತೆಗೆದು ಗಂಗವ್ವನಿಗೇ ಬಿಟ್ಟುಕೊಟ್ಟೆ, ಸರದಾರನನ್ನು ಮನೆಗೆ ವಾಪಸು ತಂದೆ. ಅವಳು ಅವತ್ತು ನನಗೆ ಮಜ್ಜಿಗೆ ಕೊಟ್ಟಳು. ಜೂನ್ ಕೊನೆಗೆ ಮಳೆ ಬಿತ್ತು. ಮರಡಿಯ ಮೇಲೆ ಕೂದಲಿನಷ್ಟು ಹಸಿರು ಬಂತು. ಚಳಿ ಶುರುವಾದಾಗ ಅವಳ ಹಿಂಡಿನಲ್ಲಿ ಮರಿಗಳ ಕೂಗು ಎದ್ದಿತು, ಬರಡು ಉಳಿದದ್ದು ಎರಡೇ ಕುರಿ.

ಆಗ ನಾನೇನು ಮಾಡಿದೆ ಗೊತ್ತೇ? ಸಲಹೆ ಕೊಡುವ ಚಟದವನು ಸುಮ್ಮನೆ ಕೂರುತ್ತಾನೆಯೇ. ಗಾಡಿ ತೆಗೆದುಕೊಂಡು ಮತ್ತೆ ಊರೂರು ತಿರುಗಿದೆ. ಕೊಕ್ಕಿನವನ್ನು ಮಾರಿರಿ, ನೆಟ್ಟನೆ ಮೂಗಿನವನ್ನು ಇಟ್ಟುಕೊಳ್ಳಿರಿ, ಅವೇ ಬಿಸಿಲು ತಾಳುತ್ತವೆ ಎಂದು ಹೇಳಿದೆ. ಕೇಳಿದವರಲ್ಲಿ ಕೆಲವರು ನಕ್ಕರು, ಕೆಲವರು ಇದರಲ್ಲಿ ಇವನದೇನೋ ಹಂಚಿಕೆ ಇದೆ ಎಂದು ಬಾಗಿಲು ಹಾಕಿಕೊಂಡರು. ಗುಡ್ಡಾಪುರದಲ್ಲಿ ಒಬ್ಬರ ಹಿಂಡು ನೋಡುತ್ತಿದ್ದಾಗ ಡಾಕ್ಟರ್‌ಬಾಯಿ ಅಲ್ಲಿಗೇ ಬಂದರು. ನನ್ನ ಭಾಷಣವನ್ನು ಪೂರ್ತಿ ಕೇಳಿಸಿಕೊಂಡರು.

"ಮೌಲಾಸಾಬ್ರ, ಮತ್ತ ಮೂಗ ಹಿಡಕೊಂಡೀರಲ್ರಿ!"

"ಅಲ್ರಿ, ನೀವ ಹೇಳಿದ್ದಲ್ಲ?"

"ನೆಟ್ಟನ್ನ ಮೂಗು ಬಿಸಲು ತಾಳತೈತಿ ಅಂತ ನಾ ಎಲ್ಲಿ ಹೇಳೀನಿ? ಮೂಗು ಬಾಗಸೂ ಜೀನು ಬ್ಯಾರೆ, ಬಿಸಲು ತಾಳೂದು ಬ್ಯಾರೆ. ತಾಳಾಕ ಒಂದ ಜೀನು ಅಲ್ಲ, ಭಾಳ ಕೂಡಿ ಆಗೂದು. ಮೊಂಡ್ಯಾ ಗಟ್ಟಿ ಆದದ್ದು ಮೂಗು ನೆಟ್ಟಗೈತಿ ಅಂತಲ್ಲ. ಅದರ ಹಿರೇರನ್ನ ಆ ಆಯಿ ಮನ್ಯಾಗ ಯಾರೂ ಮಕಾ ನೋಡಿ ಆರಿಸಿಲ್ಲ, ಬಿಸಲ ಆರಸೈತಿ. ಅದರ ಮರ್‍ಯಾಗ ಕೊಕ್ಕಿಂದೂ ಗಟ್ಟಿ ಇರಬಹುದು, ನೆಟ್ಟಂದೂ ಸಡಲ ಇರಬಹುದು. ಹೊರಗಿಂದ ಹೆಂಗ ಹೇಳ್ತೀರಿ?"

ಅಪ್ಪನ ಮೂಗು ಮಗನಿಗೆ ಬಂದರೆ ಅಪ್ಪನ ಬುದ್ಧಿಯೂ ಜೊತೆಗೇ ಬರಬೇಕೆಂದಿಲ್ಲ. ನಮ್ಮ ಮನೆಯಲ್ಲೇ ಇದು ಕಾಣುತ್ತದೆ, ಕುರಿಯಲ್ಲಿ ಮಾತ್ರ ನನಗೆ ಕಂಡಿರಲಿಲ್ಲ. ಕಣ್ಣಿಗೆ ಬೀಳುವ ಗುರುತನ್ನು ಹಿಡಿದು ಒಳಗಿನದನ್ನು ಅಳೆಯುವುದು ನನ್ನ ದಂಧೆ. ಗುರುತು ಬದಲಿಸಿದೆ, ದಂಧೆ ಬದಲಿಸಲಿಲ್ಲ. ಅವತ್ತಿನಿಂದ ಊರೂರು ತಿರುಗಿ ಹೇಳುವುದನ್ನು ನಿಲ್ಲಿಸಿದೆ. ಕೇಳಲು ಬಂದವರಿಗೆ ಇಷ್ಟೇ ಹೇಳುತ್ತೇನೆ: ಗಂಡುಮರಿಯನ್ನು ಒಂದು ಬೇಸಿಗೆ ಹಿಂಡಿನ ಜೊತೆ ಮರಡಿಗೆ ಬಿಡಿ, ಆಮೇಲೆ ಮಾತಾಡಿ. ಹಿಂಡಿ ಹಾಕಿ ನೆರಳಲ್ಲಿ ಬೆಳೆಸಿದ ಮರಿಯ ಒಳಗೆ ಏನಿದೆ ಎಂದು ಅದರ ಮಾಲೀಕನಿಗೂ ಗೊತ್ತಿರುವುದಿಲ್ಲ.

ಮುಂದಿನ ಮೇ ತಿಂಗಳಲ್ಲಿ ಗಂಗವ್ವ ಹೇಳಿಕಳಿಸಿದಳು. ಮೊಂಡ್ಯಾನಿಗೆ ವಯಸ್ಸಾಗಿತ್ತು, ತಂಗಿಯ ಊರಿನ ಹಿಂಡಿಗೆ ಅದನ್ನು ಕೊಡುವವಳಿದ್ದಳು. ಅದರ ಗಂಡುಮರಿಗಳಲ್ಲಿ ಒಂದನ್ನು ಮುಂದಕ್ಕೆ ತನ್ನ ಬೇರೆ ಕುರಿಗಳಿಗೆ ಇಟ್ಟುಕೊಳ್ಳಬೇಕು. ಹೋದಾಗ ಮಧ್ಯಾಹ್ನ, ಮರಡಿಯ ಮೇಲೆ ಅದೇ ಕುದಿ. ಮರಿಗಳು ಜಾಲಿಯ ಕೆಳಗೆ ಸಾಲಾಗಿ ಮಲಗಿದ್ದವು. ನಾನು ಹತ್ತಿರ ಹೋಗುತ್ತಿದ್ದ ಹಾಗೆ ಅವಳು ಕೋಲು ಅಡ್ಡ ಹಿಡಿದಳು.

"ಮಕಾ ನೋಡಬ್ಯಾಡ. ಬೆನ್ನ ಮಾಡಿ ಕುಂದರ."

"ಕುಂತು ಏನ ಮಾಡ್ಲಿ ಆಯಿ?"

"ಕೇಳು."

ಬೆನ್ನು ತಿರುಗಿಸಿ ಕೂತೆ. ಮೊದಲು ಗಾಳಿಯ ಸದ್ದು ಮಾತ್ರ. ಆಮೇಲೆ ಉಸಿರುಗಳು ಒಂದೊಂದಾಗಿ ಬೇರೆಯಾದವು. ಬಲಗಡೆಯದು ಗರಗಸ ಎಳೆದ ಹಾಗೆ ತೇಕುತ್ತಿತ್ತು, ಬಾಯಿ ತೆರೆದಿದೆ. ಅದರಾಚೆ ಇನ್ನೆರಡು, ಅವೂ ಹಾಗೇ. ನಡುವೆ ಒಂದು ಮೊದಲು ಸುಮ್ಮನಿದ್ದು ಆಮೇಲೆ ತೇಕಲು ಹಿಡಿಯಿತು. ಎಡಗಡೆ ತೀರಾ ತುದಿಯಲ್ಲಿ ಮಾತ್ರ ಹಲ್ಲು ಹಲ್ಲಿಗೆ ಉಜ್ಜುವ ಸಣ್ಣ ಸದ್ದು, ನಿಲ್ಲದೆ, ನಿಧಾನವಾಗಿ. ಬಿಸಿಲು ಇಳಿಯುವವರೆಗೆ ಕೂತೆ. ಆ ಸದ್ದು ಕೆಡಲಿಲ್ಲ.

"ಎಡಕ್ಕಿಂದು, ಕಡೀದು," ಎಂದೆ.

"ನಾನೂ ಎಂಟ ದಿನದಿಂದ ಅದ ಅನ್ನಾಕತ್ತೀನಿ. ಈಗ ಹೊಳ್ಳಿ ನೋಡು."

ಅವಳು ಆ ಮರಿಯ ಹಿಂಗಾಲು ಹಿಡಿದು ತಂದು ನನ್ನ ಮುಂದೆ ನಿಲ್ಲಿಸಿದಳು. ಕೊಕ್ಕು. ಮೂವತ್ತು ವರ್ಷದಲ್ಲಿ ಅಂಥ ಬಾಗಿದ ಮೂಗನ್ನು ನಾನು ನೋಡಿರಲಿಲ್ಲ. ತಾಯಿಯ ಕಡೆಯಿಂದ ಬಂದಿರಬೇಕು. ಆ ಮುಖವನ್ನು ಸಂತೆಯಲ್ಲಿ ಒಮ್ಮೆ ತೋರಿಸಿದರೆ ಏನಾಗುತ್ತದೆ ಎಂದು ನನಗಿಂತ ಚೆನ್ನಾಗಿ ಬಲ್ಲವರು ಈ ತಾಲೂಕಿನಲ್ಲಿ ಇಲ್ಲ. ನನ್ನ ಬಲಗೈ ಬೆರಳುಗಳು ತಾವಾಗಿಯೇ ಮಡಿಸಿಕೊಂಡವು. ಅವನ್ನು ತೊಡೆಯ ಕೆಳಗೆ ಒತ್ತಿ ಹಿಡಿದೆ.

"ಆಯಿ, ಇದನ್ನ ಯಾರಿಗೂ ಕೊಡಬ್ಯಾಡ. ನಾ ಬಂದು ಕೇಳಿದ್ರೂ ಕೊಡಬ್ಯಾಡ."

"ನೀ ಕೇಳೂದ ಬಿಡತೀ?" ಗಂಗವ್ವ ಮರಿಯ ಕಾಲು ಬಿಟ್ಟಳು. "ಕೇಳತೀ. ನಾ ಕೊಡೂದಿಲ್ಲ."

ಆಮೇಲೆ ಎರಡು ಸಲ ಕೇಳಿದ್ದೇನೆ. ಕೊಟ್ಟಿಲ್ಲ.